ದುರಗಪ್ಪ ಮಾಸ್ತರನ ಕಾಲು ಎಲ್ಲೈತಿ?

ಹುಬ್ಬಳ್ಳಿಯಲ್ಲಿ ಕಾರು ಹೊಡೆಯುವವರ ಪೈಕಿ ಅರ್ಧ ಮಂದಿ ದುರಗಪ್ಪ ಮಾಸ್ತರನ ಬಲಗಡೆ ಕೂತು ಬೈಸಿಕೊಂಡವರು. ಉಳಿದರ್ಧ ಮಂದಿ ಯಾರ ಹತ್ತಿರ ಕಲಿತರೋ ಆ ಊರದೇವಿ ದ್ಯಾಮವ್ವನಿಗೇ ಗೊತ್ತು. ಅವರ ಮುಂದೆ ಒಂದು ಸಲ ರಸ್ತೆ ದಾಟಿ ನೋಡಿ, ನಾನು ಹೇಳುವುದೇ ಬೇಡ.

ದುರಗಪ್ಪನ ಮನೆ ಅಮರಗೋಳದಲ್ಲಿ. ಮುಂದಿನ ಖೋಲಿಯೇ ಡ್ರೈವಿಂಗ್ ಸ್ಕೂಲು. ಸ್ಕೂಲು ಅಂದರೆ ಏನು ಮಹಾ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಒಂದು ಬೆಂಚು, ಹೊರಗೆ ಬೇವಿನ ಮರದ ಕೆಳಗೆ ಹಳೇ ಬಿಳಿ ಕಾರು. ಕಲಿಸುವ ಕಾರುಗಳಲ್ಲಿ ಇರುವಂತೆ ಮಾಸ್ತರ ಕೂರುವ ಎಡಗಡೆಗೂ ಒಂದು ಬ್ರೇಕ್ ಇತ್ತು. ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಮೆಣಸಿನಕಾಯಿ ಲಾರಿಗಳು ಬರುವ ಮುಂಚೆ ಅಲ್ಲಿಯ ಅಗಲ ರಸ್ತೆಗಳಲ್ಲಿ ದುರಗಪ್ಪ ಕಲಿಸುತ್ತಿದ್ದ. ಅವನ ವಿದ್ಯೆಯೆಲ್ಲ ಒಂದೇ ಪ್ರಶ್ನೆಯಲ್ಲಿತ್ತು: "ಕಾಲು ಎಲ್ಲೈತ್ರಿ?" ಕಾಲು ಬ್ರೇಕಿನ ಮೇಲಿರಬೇಕು, ಮುಗಿಯಿತು. ಗೇರು, ಸ್ಟೇರಿಂಗು ಎಲ್ಲ ಆಮೇಲಿನ ಮಾತು. ಅವನ ಶಿಷ್ಯರು ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಹಿಂದಿನಿಂದ ಮಾಸ್ತರನ ದನಿ ಕೇಳಿದರೆ ಸಾಕು, ಪಂಕ್ತಿಯಲ್ಲೇ ಬಲಗಾಲು ಚಾಚಿ ಮುಂದಿನವನ ಸಾರು ಚೆಲ್ಲಿಬಿಡುತ್ತಿದ್ದರು.

ಶಿಷ್ಯರದು ಹಾಗಾದರೆ ಗುರುವಿನದು ಕೇಳಬೇಕೇ? ಬಸ್ಸಿನಲ್ಲಿ ಕೂತರೆ ಮುಂದಿನ ಸೀಟು ಒತ್ತುತ್ತಿದ್ದ. ಟಿವಿಯಲ್ಲಿ ಜೀಪು ಓಡಿದರೆ ನೆಲ ಒತ್ತುತ್ತಿದ್ದ. ಅವನ ಕುರ್ಚಿಯ ಮುಂದೆ ನೆಲದ ಗಚ್ಚು ಸವೆದು ಹೊಳೆಯುತ್ತಿತ್ತು.

"ಇನ್ನೊಂದೀಟು ಒತ್ರಿ, ಬುಡಕ ನೀರಾದ್ರೂ ಬರ್ತಾವ" ಎನ್ನುತ್ತಿದ್ದಳು ಹೆಂಡತಿ ಸತ್ಯವ್ವ. ಅವಳು ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುವವಳು. ಹೊಲಿಗೆ ಮಷಿನ್ ತುಳಿಯಲು ಕೂತಳೆಂದರೆ ತೋಳು ಮುಗಿಯುವ ತನಕ ಕಾಲು ನಿಲ್ಲಿಸುವ ಜಾತಿಯಲ್ಲ.

ಸತ್ಯವ್ವನಿಗೆ ಮದುವೆಯಾದ ವರ್ಷದಿಂದ ಒಂದೇ ಆಸೆ. ಕಾರು ಕಲಿಯಬೇಕು. ದುರಗಪ್ಪ ಊರಿಗೆಲ್ಲ ಕಲಿಸಿದ, ಹೆಂಡತಿಗೆ ಮಾತ್ರ "ನಾಳೆ" ಅಂದ. ಮಳೆ ನಿಲ್ಲಲಿ ಅಂದ, ಟೈರು ಹೊಸದು ಬರಲಿ ಅಂದ, ಶ್ರಾವಣ ಮುಗಿಯಲಿ ಅಂದ. ಶ್ರಾವಣಕ್ಕೂ ಗೇರಿಗೂ ಏನು ಸಂಬಂಧ ಎಂದು ಅವಳು ಕೇಳಿದರೆ ಪಂಚಾಂಗ ಹುಡುಕುವವನಂತೆ ಎದ್ದು ಹೋಗುತ್ತಿದ್ದ. ಖರೇ ಕಾರಣ ಬೇರೆ. ಬೈಯದೆ ಕಲಿಸುವುದು ಅವನಿಗೆ ಗೊತ್ತಿರಲಿಲ್ಲ, ಸತ್ಯವ್ವನಿಗೆ ಬೈಯುವ ಧೈರ್ಯ ಅವನಿಗಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಬೇಕು.

ಇಂಥ ಮನೆಗೆ ಒಂದು ಕಂಪ್ಯೂಟರ್ ಬಂದಿತ್ತು. ಮುಚ್ಚಿಹೋದ ಟೈಪಿಂಗ್ ಕ್ಲಾಸಿನಿಂದ ಬಂದ ಹಳೇ ಪೆಟ್ಟಿಗೆ. ಲೈಸೆನ್ಸಿನ ಅರ್ಜಿ ಟೈಪು ಮಾಡಲಿಕ್ಕೆಂದು ತಂದದ್ದು. ಚಾಲೂ ಮಾಡಿ ಚಹಾ ಕುಡಿದು, ಮುಖ ತೊಳೆದು, ದೇವರಿಗೆ ಊದಿನಕಡ್ಡಿ ಹಚ್ಚಿ ಬಂದರೆ ಆಗಷ್ಟೇ ಕಣ್ಣು ಬಿಡುತ್ತಿತ್ತು. ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಅದು ಪೂರ್ತಿ ಕಣ್ಣು ಮುಚ್ಚಿದಾಗ ರಿಪೇರಿಗೆ ಬಂದವನು ಹಜರತಅಲಿ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದರ ಎರಡು ಪಟ್ಟು. ಪೆಟ್ಟಿಗೆಗೆ ಜೀವ ಬರಿಸಿ, ಹೋಗುವಾಗ ಅದರೊಳಗೆ ಒಂದು ಕಾರ್ ರೇಸಿನ ಆಟ ಹಾಕಿ ಹೋದ. "ಟೈಂ ಪಾಸ್ ಆಗ್ತೈತಿ ಮಾಸ್ತರ. ನಿಮ್ಮಂಥ ಡ್ರೈವರಿಗೆ ಇದು ಎಡಗೈ ಆಟ."

ಆರು ಕಾರು ಓಡುವ ಆಟ. ದುರಗಪ್ಪ ಆರನೆಯವನಾಗಿ ಬಂದ.

ಮತ್ತೆ ಆಡಿದ, ಮತ್ತೆ ಆರನೆಯವನೇ. ಬರದೇ ಏನು ಮಾಡ್ಯಾನು? ಹಸಿರು ದೀಪ ಬಿದ್ದ ಕೂಡಲೇ ಉಳಿದ ಐದೂ ಕಾರು ಗುಂಡು ಹಾರಿಸಿದಂತೆ ಹೋದರೆ ಇವನು ಮೊದಲು ಕನ್ನಡಿ ನೋಡುತ್ತಿದ್ದ. ಆಟದಲ್ಲಿ ಕನ್ನಡಿ ಇರಲಿಲ್ಲ, ಗೋಡೆಯ ಮೇಲಿನ ಕನ್ನಡಿ ನೋಡುತ್ತಿದ್ದ. ತಿರುವು ಬಂದರೆ ಬಾಯಿಂದಲೇ "ಪೋಂ ಪೋಂ" ಎಂದು ಹಾರ್ನ್ ಹೊಡೆಯುತ್ತಿದ್ದ. ಬಲಕ್ಕೆ ತಿರುಗುವ ಮುಂಚೆ ಬಲಗೈ ಹೊರಗೆ ಚಾಚುತ್ತಿದ್ದ. ಒಮ್ಮೆ ಹಾಗೆ ಚಾಚಿದ ಕೈ ಸತ್ಯವ್ವ ತರುತ್ತಿದ್ದ ಚಹಾದ ಕಪ್ಪಿಗೆ ಬಡಿದು, ಚಹಾ ಹೋಗಿ ಯಾರದೋ ರೇಶಿಮೆ ಜಂಪರಿನ ಮೇಲೆ ಬಿತ್ತು.

"ನಾ ಕೈ ತೋರ್ಸಿದ್ನಲ್ಲ, ನೀ ನಿಂದರಬೇಕಾಗಿತ್ತು" ಅಂದ ದುರಗಪ್ಪ.

ಸತ್ಯವ್ವ ಆ ದಿನ ಅವನಿಗೆ ಬೇರೆ ಚಹಾ ಕೊಡಲಿಲ್ಲ.

ಸೋತದ್ದಕ್ಕೆ ತಾನು ಕಾರಣ ಎಂಬುದು ದುರಗಪ್ಪನ ತಲೆಗೆ ಹೊಳೆಯಲೇ ಇಲ್ಲ. ಎಷ್ಟೋ ಮಂದಿಯನ್ನು ಪಾಸು ಮಾಡಿಸಿದ ಮಾಸ್ತರ ಕಡೀಕ ಬರುವುದೆಂದರೇನು? ತಪ್ಪು ಗಾಡಿಯದೇ. "ಇದರಾಗ ಪಿಕಪ್ ಇಲ್ಲ" ಎಂದು ತೀರ್ಮಾನಿಸಿ ಹಜರತಅಲಿಯ ಅಂಗಡಿಗೆ ಹೋದ. ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಆ ಪೆಟ್ಟಿಗೆಯಲ್ಲಿ ಕಾರುಗಳು ಓಡುತ್ತಿರಲಿಲ್ಲ, ಕುಪ್ಪಳಿಸುತ್ತಿದ್ದವು. ಡಿಕ್ಕಿ ಹೊಡೆದ ಸಪ್ಪಳ ಡಿಕ್ಕಿ ಮರೆತ ಮೇಲೆ ಕೇಳುತ್ತಿತ್ತು.

"ರ್ಯಾಮ್ ಕಡಿಮಿ ಐತಿ ಮಾಸ್ತರ" ಎಂದ ಹಜರತಅಲಿ. "ರ್ಯಾಮ್ ಅಂದ್ರ ಅಡಗಿಮನಿ ಕಟ್ಟಿ ಇದ್ದಂಗ. ಕಟ್ಟಿ ಸಣ್ಣದಿದ್ರ ರೊಟ್ಟಿ ಬಡಿಯೂದೆಲ್ಲಿ, ಪಲ್ಯಾ ಹೆಚ್ಚೂದೆಲ್ಲಿ?" ಒಂದು ಡಬ್ಬಿಯಿಂದ ಹಸಿರು ಪಟ್ಟಿಯೊಂದನ್ನು ತೆಗೆದು ಅಂಗಿಗೆ ಒರೆಸಿದ. "ಹೊಸಾದು ಯಾಕ್ರಿ ಸುಮ್ನ. ಇದು ಡಾಕ್ಟರ ಮನಿ ಮಾಲು. ಬರೇ ಇಸ್ಪೀಟ ಆಡ್ಯಾರ ಇದರಾಗ, ಒಂದ ದಿನಾನೂ ಜೋರ ಓಡಿಸಿಲ್ಲ."

ಹಳೇ ಕಾರು ಮಾರುವವರೂ ಹೀಗೇ ಡಾಕ್ಟರ ಹೆಸರು ಹೇಳುತ್ತಾರೆಂಬುದು ದುರಗಪ್ಪನಿಗೆ ಗೊತ್ತಿತ್ತು. ಆದರೂ ಡಾಕ್ಟರು ಅಂದ ಕೂಡಲೇ ಮನಸ್ಸು ಮೆತ್ತಗಾಯಿತು. ರೊಕ್ಕದ ಮಾತು ಬಂದಾಗ ಇಬ್ಬರೂ ಅತ್ತ ಇತ್ತ ನೋಡಿ, ಕಡೆಗೆ ಒಂದು ಒಪ್ಪಂದಕ್ಕೆ ಬಂದರು. ಹಜರತಅಲಿ ಪಟ್ಟಿ ಕೊಡಬೇಕು, ದುರಗಪ್ಪ ಅವನಿಗೆ ಕಾರು ಕಲಿಸಬೇಕು.

ಡಾಕ್ಟರ ಮನೆಯ ರ್ಯಾಮ್ ಹಾಕಿದ ಮೇಲೆ ಕುಪ್ಪಳಿಸುವುದು ಕಡಿಮೆಯಾಯಿತು. ದುರಗಪ್ಪ ನುಣ್ಣಗೆ ಓಡಿಸಿ, ನುಣ್ಣಗೆ ಆರನೆಯವನಾಗಿ ಬಂದ.

"ಈಗ ಗ್ರಾಫಿಕ್ಸ್ ಕಾರ್ಡ್ ಹಾಕ್ಬೇಕ್ರಿ. ಅದರಾಗ ಸ್ವಂತ ಫ್ಯಾನ್ ಇರ್ತೈತಿ, ಚಿತ್ರ ಎಲ್ಲಾ ಅದ ಬಿಡಸ್ತೈತಿ" ಎಂದ ಹಜರತಅಲಿ. ಅವನ ಕಾರು ಕಲಿಕೆ ಅಷ್ಟರಲ್ಲಿ ಮುಗಿದಿತ್ತು. ಈ ಸಲ ಒಪ್ಪಂದಕ್ಕೆ ಅವನ ಹೆಂಡತಿ ಚಾಂದಬಿ ಬಂದಳು. ಕಾರ್ಡಿಗೆ ಬದಲಾಗಿ ಚಾಂದಬಿಗೆ ಕಲಿಸುವುದು ಎಂದು ಗಂಡಸರಿಬ್ಬರೂ ಕೈ ಕುಲುಕಿದರು.

ಮರುದಿನ ಬೆಳಿಗ್ಗೆ ಚಾಂದಬಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದು ಮನೆಯ ಮುಂದಿನಿಂದಲೇ ಹೊರಟಳು. ಸತ್ಯವ್ವ ಬಾಗಿಲಲ್ಲಿ ನಿಂತು ನೋಡಿದಳು. ಹೊಟ್ಟೆ ಉರಿಯದೇ ಇದ್ದೀತೇ? ಆ ದಿನ ಹೊಲಿಗೆ ಮಷಿನ್ ಇಡೀ ಓಣಿಗೆ ಕೇಳುವಂತೆ ಓಡಿತು. ದುರಗಪ್ಪ ಊಟಕ್ಕೆ ಕೂತಾಗ ತಾಟಿನಲ್ಲಿ ಒಣ ರೊಟ್ಟಿ, ಅದರ ಮೇಲೆ ಒಂದು ಮೆಣಸಿನಕಾಯಿ.

"ಪಲ್ಯಾ ಎಲ್ಲೈತಿ?"

"ನಾಳೆ" ಅಂದಳು ಸತ್ಯವ್ವ.

ಗ್ರಾಫಿಕ್ಸ್ ಕಾರ್ಡ್ ಬಂತು. ಆಮೇಲಿನದು ಕೇಳಿ. ಅಲ್ಲಿಯ ತನಕ ಬೂದು ಡಬ್ಬಿಗಳಂತೆ ಕಾಣುತ್ತಿದ್ದವೆಲ್ಲ ಮನೆಗಳಾದವು. ಹಸಿರು ತೇಪೆಗಳು ಮರಗಳಾದವು. ತಿರುವಿನಲ್ಲಿ ಒಂದು ನೀಲಿ ಕಲೆ ಇತ್ತಲ್ಲ, ಅದು ಕೆರೆಯಾಗಿ ಬಿಸಿಲಿಗೆ ಮಿಂಚತೊಡಗಿತು. ದುರಗಪ್ಪ ಗಾಡಿಯನ್ನು ಬದಿಗೆ ಹಚ್ಚಿ ನಿಲ್ಲಿಸಿದ. "ಸತ್ಯವ್ವಾ, ಲಗೂ ಬಾ ಇಲ್ಲಿ. ಕೆಲಗೇರಿ ಕೆರಿ ಇದ್ದಂಗ ಐತಿ ನೋಡು."

ಸಿಟ್ಟಿನಲ್ಲಿದ್ದರೂ ಸತ್ಯವ್ವ ಬಂದು ನೋಡಿದಳು. "ಛಲೋ ಐತಿ. ಮಂದಿ ಎಲ್ಲಿ ಹೋದ್ರು?"

ಮಂದಿ ರೇಸು ಮುಗಿಸಿ ಮನೆಗೆ ಹೋಗಿದ್ದರು. ಕಾರ್ಡ್ ಬಂದ ಮೇಲೆ ದುರಗಪ್ಪ ಮೊದಲಿಗಿಂತ ಹೆಚ್ಚು ತಡವಾಗಿ ಬರತೊಡಗಿದ. ನೋಡಲಿಕ್ಕೆ ಇಷ್ಟೆಲ್ಲ ಇರುವಾಗ ಮನುಷ್ಯ ಹೇಗೆ ಓಡಿಸ್ಯಾನು? ಅದರ ಮೇಲೆ ಪೆಟ್ಟಿಗೆ ರೊಟ್ಟಿ ಹಂಚಿನಂತೆ ಕಾಯಹತ್ತಿತು. ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿದ. ಅವತ್ತಿನಿಂದ ಗಾಳಿ ಪೆಟ್ಟಿಗೆಗೆ, ಬೆವರು ಸತ್ಯವ್ವನಿಗೆ.

ಇಷ್ಟಕ್ಕೇ ನಿಂತಿದ್ದರೆ ಮನೆಯ ಮಾತು ಮನೆಯಲ್ಲೇ ಇರುತ್ತಿತ್ತು. ಆದರೆ ಹಜರತಅಲಿಯ ಬಾಯಿ ಎಂಥದೆಂದು ಹೇಳಿದೆನಲ್ಲ, ಅದು ಸುಮ್ಮನಿದ್ದೀತೇ? ದಸರೆಗೆ ಒಂದು ವಾರ ಇರುವಾಗ ಶಿರಗುಪ್ಪಿಯ ಹನುಮಪ್ಪ ಎಂಬ ರೈತ ಗಾಡಿ ಕಲಿಯಲು ಹೊಸದಾಗಿ ಬಂದ. ಮೊದಲ ದಿನವೇ ಸೀಟಿನಲ್ಲಿ ಕೂತು, ಬಹಳ ಮರ್ಯಾದೆಯಿಂದ ಕೇಳಿದ: "ತಪ್ಪು ತಿಳೀಬ್ಯಾಡ್ರಿ ಮಾಸ್ತರ. ಕಂಪ್ಯೂಟರಿನ್ಯಾಗ ನೀವು ಯಾವಾಗ್ಲೂ ಕಡೀಕ ಬರ್ತೀರಂತ. ಹಂಗಾದ್ರ ನಂಗ ಕಲಸೂದು ಹೆಂಗ್ರಿ?"

ದುರಗಪ್ಪನಿಗೆ ಅವಮಾನವಾಯಿತು. ಊರ ಮುಂದೆ ಅಂಗಿ ಕಳೆದು ನಿಲ್ಲಿಸಿದಂತಾಯಿತು. ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಹೇಳಿದ: "ಬನ್ನಿ ಕೊಡೂ ದಿನದೊಳಗ ನಾ ಒಂದು ರೇಸ್ ಫಸ್ಟ್ ಬರ್ತೇನಿ."

ಸತ್ಯವ್ವ ಮಷಿನ್ ನಿಲ್ಲಿಸಿದಳು. ಅವಳು ಅರ್ಧ ಹೊಲಿಗೆಯಲ್ಲಿ ಮಷಿನ್ ನಿಲ್ಲಿಸಿದ್ದು ಆವತ್ತೇ ಮೊದಲು. "ಬರಲಿಲ್ಲಂದ್ರ?"

"ಬರ್ತೇನಿ."

"ಬರಲಿಲ್ಲಂದ್ರ ನಂಗ ಗಾಡಿ ಕಲಸ್ಬೇಕು. ನಾಳೆ ಅನ್ನಂಗಿಲ್ಲ, ಮಳಿ ಅನ್ನಂಗಿಲ್ಲ. ಶರತ್ತು ಕಟ್ತೀರೇನು?"

ಸಿಟ್ಟಿನ ಭರದಲ್ಲಿ ದುರಗಪ್ಪ ಕಟ್ಟಿಬಿಟ್ಟ.

ಆ ವಾರವೆಲ್ಲ ಅವನು ಆಡಿದ. ಸತ್ಯವ್ವ ಪಕ್ಕದಲ್ಲೇ ಗುಂಡಿ ಹಚ್ಚುತ್ತ ಕೂತು ಪ್ರತಿ ರೇಸನ್ನೂ ನೋಡಿದಳು. ಅವನು ಸೋತಾಗಲೆಲ್ಲ ಅವಳ ಸೂಜಿ ಖುಷಿಯಿಂದ ಓಡುತ್ತಿತ್ತು. ಯಾವ ತಿರುವಿನ ನಂತರ ಕೆರೆ, ಯಾವ ಇಳಿಜಾರಿನಲ್ಲಿ ಕೆಂಪು ಕಾರು ಅಡ್ಡ ಬರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಯಿತು. ದುರಗಪ್ಪ ಆರರಿಂದ ಐದಕ್ಕೆ ಬಂದ. ಅದೂ ಒಬ್ಬನ ಕಾರು ಗೋಡೆಗೆ ಸಿಕ್ಕಿಕೊಂಡಿದ್ದರಿಂದ.

ಖಂಡೆ ಪೂಜೆಯ ದಿನ ಕಾರಿಗೆ ಹಾರ ಹಾಕಿದರು, ಹೊಲಿಗೆ ಮಷಿನ್ನಿಗೆ ಕುಂಕುಮ ಹಚ್ಚಿದರು, ಕಂಪ್ಯೂಟರಿಗೂ ವಿಭೂತಿ ಬಳಿದು ಕಾಯಿ ಒಡೆದರು. ಮರುದಿನ ವಿಜಯದಶಮಿ, ಶರತ್ತಿನ ಕಡೇ ದಿನ. ಬೆಳಿಗ್ಗೆ ದುರಗಪ್ಪ ಬನ್ನಿ ತಂದು ದೇವರಿಗೆ ಇಟ್ಟ, ಕಾರಿನ ಮೇಲೆ ಇಟ್ಟ. ಆಮೇಲೆ ಅವನಿಗೆ ಅನ್ನಿಸಿತು, ಓಡುವುದು ಯಾರು? ಗ್ರಾಫಿಕ್ಸ್ ಕಾರ್ಡ್. ಬನ್ನಿ ಎಂಬ ಬಂಗಾರ ಯಾರಿಗೆ ಕೊಡಬೇಕು? ತೆರೆದ ಪೆಟ್ಟಿಗೆಯೊಳಗೆ ಕೈ ಹಾಕಿ, ಆ ಕಾರ್ಡಿನ ಮೇಲೇ ಒಂದು ಹಿಡಿ ಬನ್ನಿ ಎಲೆ ಏರಿಸಿ, ಕೈ ಮುಗಿದು, "ಬನ್ನಿ ತಗೊಂಡು ಬಂಗಾರದಂಗ ಇರೂಣು, ಸಂಜೀಕ ಮಾನ ಉಳಸು" ಅಂದ. ಸತ್ಯವ್ವ ಒಳಗೆ ಹೋಳಿಗೆ ಮಾಡುತ್ತಿದ್ದಳು, ನೋಡಲಿಲ್ಲ.

ಸಂಜೆ ಬನ್ನಿ ಕೊಡಲು ಹಜರತಅಲಿ, ಚಾಂದಬಿ ಇಬ್ಬರೂ ಬಂದರು. ಹೋಳಿಗೆ ತಿನ್ನುವುದೂ ಆಯಿತು, ಸಾಕ್ಷಿಯಾಗುವುದೂ ಆಯಿತು. ದುರಗಪ್ಪ ಕುರ್ಚಿಯಲ್ಲಿ ಕೂತ. ಹೆದರಿಕೆ ಮನುಷ್ಯನಿಂದ ಏನೇನೋ ಮಾಡಿಸುತ್ತದೆ ನೋಡಿ. ಆವತ್ತು ಅವನು ಕನ್ನಡಿ ನೋಡಲಿಲ್ಲ, ಕೈ ಚಾಚಲಿಲ್ಲ, ಕೆರೆಯ ಕಡೆ ಕಣ್ಣೆತ್ತಲಿಲ್ಲ. ಐದನೆಯವನಾದ. ನಾಲ್ಕನೆಯವನಾದ. ಮೂರನೆಯವನಾದಾಗ ಹಜರತಅಲಿಯ ಬಾಯಿಯಲ್ಲಿ ಹೋಳಿಗೆ ಹಾಗೇ ನಿಂತಿತು.

ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ಕರ್ ಕರ್ ಎಂದು ಸಪ್ಪಳ ಬಂತು. ಪರದೆಯ ಮೇಲೆ ಬಣ್ಣದ ಪಟ್ಟೆಗಳು ಎದ್ದವು, ಕಾರುಗಳೆಲ್ಲ ಇದ್ದಲ್ಲೇ ನಿಂತವು.

"ಏನಾತಿದಕ್ಕ?" ಎಂದು ದುರಗಪ್ಪ ಗಾಬರಿಯಿಂದ ಪೆಟ್ಟಿಗೆಯೊಳಗೆ ಕೈ ತುರುಕಿದ. ಆ ಹಳೇ ಪೆಟ್ಟಿಗೆಗಳ ತಗಡಿನ ಅಂಚು ಕುಡುಗೋಲಿನಂಥದು. ಬಲಗೈಯ ಎರಡು ಬೆರಳು ಕೊಯ್ದುಕೊಂಡು ರಕ್ತ ಬಂತು. ಸತ್ಯವ್ವ ಓಡಿಬಂದು ಅರಿಶಿನ ಒತ್ತಿ, ಜಂಪರಿನ ಚಿಂದಿಯಿಂದ ಬಿಗಿಯಾಗಿ ಕಟ್ಟಿದಳು. ಹಜರತಅಲಿ ಕರೆಂಟು ತೆಗೆದು, ಚಾಂದಬಿಯ ಜಡೆಯ ಪಿನ್ನು ಇಸಿದುಕೊಂಡು, ಕಾರ್ಡಿನ ಸಣ್ಣ ಫ್ಯಾನಿನಿಂದ ಏನನ್ನೋ ಮೀಟಿ ತೆಗೆದ. ಸುರುಳಿ ಸುತ್ತಿಕೊಂಡ ಬನ್ನಿ ಎಸಳು.

"ಮಾಸ್ತರ, ಇದರಾಗ ಬನ್ನಿ ಯಾರು ಇಟ್ರು?"

ಎಲ್ಲರೂ ಸತ್ಯವ್ವನ ಕಡೆ ನೋಡಿದರು. ಶರತ್ತು ಅವಳದಲ್ಲವೇ. ಅವಳ ಮುಖ ಕೆಂಪಾಯಿತು.

"ನಾನ" ಅಂದ ದುರಗಪ್ಪ, ನೆಲ ನೋಡುತ್ತ. "ಬಂಗಾರ ಕೊಟ್ಟಿದ್ನಿ."

ಚಾಂದಬಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಹಜರತಅಲಿ ಮಾತ್ರ ನ್ಯಾಯಾಧೀಶನ ಗತ್ತಿನಲ್ಲಿ ಹೇಳಿದ, ಕೆಟ್ಟದ್ದು ಗಾಡಿ, ಹಾಗಾಗಿ ಈ ರೇಸು ಲೆಕ್ಕಕ್ಕಿಲ್ಲ, ಇನ್ನೊಂದು ಆಡಬಹುದು. ಆದರೆ ಆಡುವುದು ಯಾವ ಕೈಯಿಂದ? ದುರಗಪ್ಪನ ಬೆರಳುಗಳು ಚಿಂದಿಯೊಳಗೆ ಬದನೆಕಾಯಿ ದಪ್ಪ ಆಗಿದ್ದವು. ಅವನು ಸಪ್ಪಗೆ ಕೂತುಬಿಟ್ಟ. ಆ ಮುಖ ನೋಡಿದರೆ ಶತ್ರುವಿಗೂ ಕರುಳು ಚುರ್ ಅನ್ನಬೇಕು.

"ಸರೀರಿ" ಅಂದಳು ಸತ್ಯವ್ವ. "ನಿಮ್ಮ ಪರವಾಗಿ ನಾ ಹೊಡಿತೇನಿ."

ಹಜರತಅಲಿ ಪೆಟ್ಟಿಗೆ ಮತ್ತೆ ಚಾಲೂ ಮಾಡಿದ, ಅವಳು ಕುರ್ಚಿಯಲ್ಲಿ ಕೂತಳು. ದುರಗಪ್ಪ ತನಗೇ ಗೊತ್ತಿಲ್ಲದೆ ಸ್ಟೂಲು ಎಳೆದುಕೊಂಡು ಅವಳ ಎಡಗಡೆ ಕೂತ. ಹಸಿರು ದೀಪ ಬಿದ್ದದ್ದೇ ತಡ, ಸತ್ಯವ್ವ ಹೊಲಿಗೆ ಮಷಿನ್ ತುಳಿಯುವವಳಂತೆ ಹೊರಟಳು. "ಬ್ರೇಕ್, ಬ್ರೇಕ್, ಕಾಲು ಎಲ್ಲೈತಿ?" ಎನ್ನುತ್ತ ದುರಗಪ್ಪ ಎಡಗೈ ಚಾಚಿ ಬ್ರೇಕಿನ ಗುಂಡಿ ಒತ್ತಿಬಿಟ್ಟ. ಗಾಡಿ ಗಿರಕಿ ಹೊಡೆದು ಹಿಂದೆ ಬಿತ್ತು.

ಸತ್ಯವ್ವ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಚಾಂದಬಿ, ಆ ಹೋಳಿಗಿ ತಾಟು ಇವ್ರ ಕೈಯಾಗ ಕೊಡು. ರೀ, ಎರಡೂ ಕೈಲೇ ಹಿಡ್ಕೊಳ್ರಿ. ಒಂದು ಹೋಳಿಗಿ ಬಿದ್ರೂ ನಾ ಏಳಾಕಿ."

ದುರಗಪ್ಪ ತಾಟು ಹಿಡಿದು ಕೂತ. ಕೈಗೆ ಕೆಲಸವಾಯಿತು, ಕಾಲು ಮಾತ್ರ ನೆಲ ಒತ್ತುತ್ತಲೇ ಇತ್ತು. ಕೆಂಪು ಕಾರು ಅಡ್ಡ ಬರುವ ಇಳಿಜಾರಿನಲ್ಲಿ ಸತ್ಯವ್ವ ಮೊದಲೇ ಎಡಕ್ಕೆ ಸರಿದಳು. ಕೆರೆಯ ತಿರುವಿನಲ್ಲಿ ಎರಡು ಕಾರು ದಾಟಿದಳು. ಅವಳ ತುಟಿಯ ಮೇಲೆ ಬೆವರಿತ್ತು, ಕಣ್ಣು ಮದುವೆಯ ದಿನದಂತೆ ಹೊಳೆಯುತ್ತಿತ್ತು. ಕೊನೆಯ ನೇರ ರಸ್ತೆಯಲ್ಲಿ ಮುಂದೆ ಯಾರೂ ಇರಲಿಲ್ಲ. ಸತ್ಯವ್ವ ಫಸ್ಟ್ ಬಂದಳು.

ಹಜರತಅಲಿ ಚಪ್ಪಾಳೆ ತಟ್ಟಿದ. "ಮಾಸ್ತರ, ನಿಮ್ಮ ಗಾಡಿ ಫಸ್ಟ್. ಶರತ್ತು ನೀವು ಗೆದ್ರಿ."

ಆಗ ಸತ್ಯವ್ವನಿಗೆ ನೆನಪಾಯಿತು. ಓಡಿಸುವ ಖುಷಿಯಲ್ಲಿ ಆ ಹೆಣ್ಣುಮಗಳು ಶರತ್ತನ್ನೇ ಮರೆತಿದ್ದಳು. "ಅಯ್ಯ ಹೌದಲಾ" ಎಂದು ಸಣ್ಣಗೆ ನಕ್ಕು, "ಛಲೋ ಆತು ಬಿಡ್ರಿ" ಎಂದು ಅವನ ಕೈಯಿಂದ ತಾಟು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ದುರಗಪ್ಪನಿಗೆ ಗೆದ್ದ ಸುಖ ಒಂದು ಚೂರೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಸತ್ಯವ್ವ ಮಷಿನ್ ಮುಂದೆ ಕೂತಾಗ ಸೂಜಿಯ ಕೆಳಗೆ ಕಾರಿನ ಕೀಲಿ ಇತ್ತು.

"ಲಗೂ ಏಳು, ಯಾರ್ಡಿಗೆ ಲಾರಿ ಬರ್ತಾವ" ಎಂದ ದುರಗಪ್ಪ ಬಾಗಿಲಿನಿಂದ.

"ಶರತ್ತು ನೀವು ಗೆದ್ದೀರಲ್ರಿ."

"ನಾ ಎಲ್ಲಿ ಗೆದ್ನಿ? ನಾ ತಾಟು ಹಿಡ್ಕೊಂಡು ಕುಂತಿದ್ನಿ."

ಸತ್ಯವ್ವ ಕೀಲಿ ಎತ್ತಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಣಗಿದ ಹಾರ ತೂಗುತ್ತಿದ್ದ ಕಾರಿನ ಬಲಗಡೆ ಹತ್ತಿ ಕೂತಳು. ಮೊದಲು ಎರಡು ಸಲ ಗಾಡಿ ಕೆಮ್ಮಿ ನಿಂತಿತು. ಮೂರನೆಯ ಸಲ ಹೊರಟಿತು. ಯಾರ್ಡಿನ ಅಗಲ ರಸ್ತೆಯಲ್ಲಿ ಯಾರೂ ಇರಲಿಲ್ಲ, ಮೆಣಸಿನಕಾಯಿಯ ಘಾಟು ಒಂದು ಬಿಟ್ಟರೆ. ದೂರದಲ್ಲಿ ಒಂದು ನಾಯಿ ರಸ್ತೆ ದಾಟಲು ಯೋಚಿಸುತ್ತಿತ್ತು. ದುರಗಪ್ಪನ ಬಲಗಾಲು ತನ್ನಷ್ಟಕ್ಕೆ ಬ್ರೇಕಿನ ಕಡೆ ಹೋಯಿತು. ಅವನು ಎಡಗಾಲಿನಿಂದ ಅದನ್ನು ತಡೆದ. ಅದು ಮತ್ತೆ ಹೋಯಿತು. ಈ ಕಾಲು ಮಾತು ಕೇಳುವುದಲ್ಲ ಎಂದು ಗೊತ್ತಾದ ಮೇಲೆ ಏನೋ ಮಾಡಿದ, ಸೀಟು ಕಿರ್ ಎಂದಿತು.

ನಾಯಿ ಬುದ್ಧಿವಂತ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಹೋಯಿತು. ಗಾಡಿಗೆ ಒಮ್ಮೆಯೂ ಬ್ರೇಕ್ ಬೀಳಲಿಲ್ಲ. ಸತ್ಯವ್ವನಿಗೆ ಅನುಮಾನ ಬಂತು. ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಏನ್ರಿ, ನಿಮ್ಮ ಕಾಲು ಎಲ್ಲೈತಿ?"

"ಸೀಟಿನ ಮ್ಯಾಲ" ಅಂದ ದುರಗಪ್ಪ. ಮಠದಲ್ಲಿ ಪ್ರಸಾದಕ್ಕೆ ಕೂತವನಂತೆ ಎರಡೂ ಕಾಲು ಮಡಚಿ, ಕಟ್ಟು ಹಾಕಿದ ಕೈಯಿಂದ ಅವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. "ನೀ ಹೊಡಿ."

ಸತ್ಯವ್ವ ಗೇರು ಬದಲಾಯಿಸಿದಳು.